ಸ್ವಚ್ಛ ವಾಹಿನಿಯ ಡೀಸೆಲ್ ಫಿಲ್ಟರ್: ಆಯ್ಕೆ, ಬದಲಾವಣೆ ಮತ್ತು ಸದಸ್ಯರು ಕೇಳಬೇಕಾದ ಪ್ರಶ್ನೆಗಳು

ಗ್ರಾಮ ಪಂಚಾಯಿತಿಯ ಸಾಮಾನ್ಯ ಸಭೆಯ ಮುಂದೆ ಬರುವ ಖರ್ಚಿನ ಪಟ್ಟಿಯಲ್ಲಿ ‘ವಾಹನಕ್ಕೆ ಫಿಲ್ಟರ್ – 1’ ಎಂಬ ಸಾಲು ಸಾಮಾನ್ಯವಾಗಿ ಯಾರ ಗಮನವನ್ನೂ ಸೆಳೆಯುವುದಿಲ್ಲ. ಕೆಲವು ನೂರು ರೂಪಾಯಿಗಳ ಬಾಬ್ತು. ಚರಂಡಿ, ಬೀದಿದೀಪ, ಕೊಳವೆಬಾವಿಗಳ ಚರ್ಚೆಯ ನಡುವೆ ಓದಿ ಮುಗಿಸುವಷ್ಟರಲ್ಲಿ ಅಂಗೀಕಾರವಾಗಿರುತ್ತದೆ. ಅದೇ ಬಾಬ್ತನ್ನು ತಪ್ಪಾಗಿ ಖರೀದಿಸಿದರೆ, ಅಥವಾ ಖರೀದಿಯನ್ನು ಮುಂದೂಡುತ್ತಾ ಹೋದರೆ, ಕೆಲವು ತಿಂಗಳ ನಂತರ ಸಭೆಯ ಮುಂದೆ ಬರುವುದು ಪಂಪು ಮತ್ತು ಇಂಜೆಕ್ಟರ್ ದುರಸ್ತಿಯ ಹತ್ತಾರು ಸಾವಿರ ರೂಪಾಯಿಗಳ ಬಿಲ್ಲು. ಅಷ್ಟರೊಳಗೆ ವಾಹನವು ಗ್ಯಾರೇಜಿನಲ್ಲಿ ನಿಂತಿರುತ್ತದೆ, ಹಸಿ ಕಸ ಮನೆಗಳ ಮುಂದೆ ಕೊಳೆಯುತ್ತಿರುತ್ತದೆ, ಮತ್ತು ವಾಹನ ಓಡಿಸುವ ಸ್ವಸಹಾಯ ಸಂಘದ ಮಹಿಳೆಯ ಮೇಲೆ ‘ಗಾಡಿ ಕೆಡಿಸಿದಳು’ ಎಂಬ ದೂರು ದಾಖಲಾಗಿರುತ್ತದೆ.

ಈ ಪಾಠದ ವಿಷಯ ಅಷ್ಟೇ ಸಣ್ಣದು: ಡೀಸೆಲ್ ಫಿಲ್ಟರನ್ನು ಹೇಗೆ ಆರಿಸಬೇಕು, ಯಾವಾಗ ಮತ್ತು ಹೇಗೆ ಬದಲಿಸಬೇಕು, ಅದರಲ್ಲಿ ಸದಸ್ಯರ ಪಾತ್ರವೇನು. ಉದಾಹರಣೆಗಳನ್ನು ತಿಪಟೂರು ತಾಲ್ಲೂಕಿನ ಬಿಳಿಗೆರೆಯಂತಹ ತೆಂಗಿನ ಸೀಮೆಯ ಊರುಗಳಿಂದ ತೆಗೆದುಕೊಳ್ಳಲಾಗಿದೆ. ಪೆಟ್ರೋಲ್, ಅನಿಲ ಅಥವಾ ವಿದ್ಯುತ್ ವಾಹನ ಇರುವ ಪಂಚಾಯಿತಿಗಳಿಗೆ ಇಲ್ಲಿಯ ಎಲ್ಲ ಮಾತುಗಳೂ ಅನ್ವಯಿಸುವುದಿಲ್ಲ. ಆದ್ದರಿಂದ ಮೊದಲು ವಾಹನದ ನೋಂದಣಿ ಪತ್ರವನ್ನು ತೆರೆದು ಇಂಧನ ಯಾವುದು, ಭಾರತ್ ಸ್ಟೇಜ್ ದರ್ಜೆ ಯಾವುದು ಎಂಬುದನ್ನು ನೋಡತಕ್ಕದ್ದು. ಡೀಸೆಲ್ ಜನರೇಟರ್ ಅಥವಾ ಟ್ರಾಕ್ಟರ್ ಹೊಂದಿರುವ ಪಂಚಾಯಿತಿಗಳಿಗೂ ಮೂಲ ತತ್ವ ಇದೇ.

ಫಿಲ್ಟರ್ ತಡೆಯುವುದೇನನ್ನು?

ಟ್ಯಾಂಕಿನಿಂದ ಹೊರಟ ಡೀಸೆಲ್ ಫಿಲ್ಟರಿನ ಮೂಲಕ ಹಾದು ಅಧಿಕ ಒತ್ತಡದ ಪಂಪನ್ನು ಸೇರುತ್ತದೆ. ಅಲ್ಲಿಂದ ಇಂಜೆಕ್ಟರಿನ ಅತಿ ಸಣ್ಣ ರಂಧ್ರಗಳ ಮೂಲಕ ಮಂಜಿನಂತೆ ಸಿಂಪಡಣೆಯಾಗಿ ಉರಿಯುತ್ತದೆ. ಪಂಪಿನೊಳಗಿನ ಉಕ್ಕಿನ ದಿಂಡು ಮತ್ತು ಅದರ ಕೊಳವೆಯ ನಡುವಿನ ಅಂತರ ಕೆಲವೇ ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದು ಹೇಳಿದರೆ ಈ ಅಳತೆ ಕಣ್ಣಿಗೆ ಕಟ್ಟೀತು. ಬರಿಗಣ್ಣಿಗೆ ಕಾಣದ ಧೂಳಿನ ಕಣವೂ ಅಲ್ಲಿ ಅರದಂತೆ ಉಜ್ಜುತ್ತದೆ. ಈ ಭಾಗಗಳಿಗೆ ಬೇರೆ ಎಣ್ಣೆ ಹಾಕುವ ವ್ಯವಸ್ಥೆ ಇರುವುದಿಲ್ಲ. ಹಾದುಹೋಗುವ ಡೀಸೆಲೇ ಅವುಗಳಿಗೆ ಕೀಲೆಣ್ಣೆ. ಆದ್ದರಿಂದ ಡೀಸೆಲಿನಲ್ಲಿ ನೀರು ಬೆರೆತರೆ ಇಂಧನ ಕೆಡುವುದು ಮಾತ್ರವಲ್ಲ, ಕೀಲೆಣ್ಣೆಯೂ ಕೆಟ್ಟಂತಾಗುತ್ತದೆ.

ಹಳೆಯ ಎಂಜಿನ್‌ಗಳು ಈ ವಿಷಯದಲ್ಲಿ ಸ್ವಲ್ಪ ಸಹನೆಯುಳ್ಳವು. ಬೆಂಗಳೂರಿನಲ್ಲಿ 1951ರಲ್ಲಿ ಸ್ಥಾಪನೆಯಾದ ಮೈಕೋ ಕಾರ್ಖಾನೆಯ ಪಂಪುಗಳನ್ನು ಕಂಡವರಿಗೆ ಅಂದಿನ ಟ್ರಾಕ್ಟರುಗಳ ಜೋಡಿ ಬಟ್ಟಲುಗಳ ನೆನಪಿರುತ್ತದೆ: ಮೊದಲನೆಯದರಲ್ಲಿ ಬಟ್ಟೆಯ ಫಿಲ್ಟರ್, ಎರಡನೆಯದರಲ್ಲಿ ಕಾಗದದ ಫಿಲ್ಟರ್. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಮಾರಾಟವಾಗುತ್ತಿರುವ ಭಾರತ್ ಸ್ಟೇಜ್ 6 ದರ್ಜೆಯ ಡೀಸೆಲ್ ವಾಹನಗಳು ಹಾಗಲ್ಲ. ಇವುಗಳ ಕಾಮನ್ ರೈಲ್ ವ್ಯವಸ್ಥೆಯಲ್ಲಿ ಡೀಸೆಲಿನ ಒತ್ತಡ ಸಾವಿರ ಬಾರ್ ದಾಟುತ್ತದೆ. ವಾತಾವರಣದ ಒತ್ತಡಕ್ಕಿಂತ ಸಾವಿರ ಪಟ್ಟು ಹೆಚ್ಚು. ಹಳೆಯ ಟ್ರಾಕ್ಟರಿನಲ್ಲಿ ಹೇಗೋ ನಡೆದುಹೋಗುತ್ತಿದ್ದ ಅಗ್ಗದ ಫಿಲ್ಟರ್ ಇಲ್ಲಿ ನಡೆಯುವುದಿಲ್ಲ. ‘ನಮ್ಮ ಟ್ರಾಕ್ಟರಿಗೆ ಇಪ್ಪತ್ತು ವರ್ಷ ಅದೇ ಹಾಕಿದ್ದೇವೆ’ ಎಂಬ ಅನುಭವದ ಮಾತು ಸುಳ್ಳಲ್ಲ; ಅದು ಬೇರೆ ಎಂಜಿನ್ನಿನ ಅನುಭವ.

ನೀರು ಎಲ್ಲಿಂದ ಬರುತ್ತದೆ?

ಕೆಲವೊಮ್ಮೆ ಬಂಕಿನಿಂದಲೇ ಬರಬಹುದು. ಹೆಚ್ಚಿನ ವೇಳೆ ನಮ್ಮ ಕೈಯಿಂದಲೇ ಬರುತ್ತದೆ. ಟ್ಯಾಂಕು ಅರ್ಧಕ್ಕಿಂತ ಕಡಿಮೆ ಇದ್ದಾಗ ಮೇಲಿನ ಖಾಲಿ ಜಾಗದಲ್ಲಿ ಗಾಳಿ ತುಂಬಿರುತ್ತದೆ. ರಾತ್ರಿಯ ತಂಪಿಗೆ ಅದರಲ್ಲಿನ ತೇವ ಟ್ಯಾಂಕಿನ ಒಳಗೋಡೆಯ ಮೇಲೆ ಹನಿಗಟ್ಟಿ ಕೆಳಗಿಳಿಯುತ್ತದೆ. ನೀರು ಡೀಸೆಲಿಗಿಂತ ಭಾರವಾದ್ದರಿಂದ ತಳ ಸೇರುತ್ತದೆ. ತಳದ ನೀರು ಮತ್ತು ಮೇಲಿನ ಡೀಸೆಲ್ ಕೂಡುವ ಗಡಿಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆಯಂತಹ ಕಪ್ಪು ಗಸಿ ಹುಟ್ಟುವುದೂ ಉಂಟು. ದಿನದ ಕೆಲಸ ಮುಗಿದ ಮೇಲೆ, ಅಂದರೆ ರಾತ್ರಿ ನಿಲ್ಲಿಸುವ ಮುನ್ನ, ಟ್ಯಾಂಕು ತುಂಬಿಸುವುದು ಇದಕ್ಕೆ ಸುಲಭದ ಪರಿಹಾರ. ಆದರೆ ಮುಂಗಡ ಹಣ ಬಿಡುಗಡೆ ಮಾಡದೆ ದಿನಕ್ಕೆ ಐದೈದು ಲೀಟರ್ ಹಾಕಿಸುವ ಪದ್ಧತಿ ಇರುವ ಪಂಚಾಯಿತಿಗಳಲ್ಲಿ ಟ್ಯಾಂಕು ಎಂದೂ ತುಂಬುವುದಿಲ್ಲ. ಇದು ಚಾಲಕಿ ಸರಿಪಡಿಸಬಹುದಾದ ದೋಷವಲ್ಲ, ಸಭೆ ಸರಿಪಡಿಸಬೇಕಾದದ್ದು.

ಎರಡನೆಯ ದಾರಿ ಕ್ಯಾನು. ತೆಂಗಿನ ಸೀಮೆಯಲ್ಲಿ ಕಾಯಿ ಸುಲಿಯುವ ಯಂತ್ರಕ್ಕೆ, ಟಿಲ್ಲರಿಗೆ, ತೋಟದ ಟ್ರಾಕ್ಟರಿಗೆ ಕ್ಯಾನಿನಲ್ಲಿ ಡೀಸೆಲ್ ತರುವುದು ಎಲ್ಲರ ರೂಢಿ. ಆ ಕ್ಯಾನು ನಿನ್ನೆ ನೀರಿನದು, ಮೊನ್ನೆ ಔಷಧಿಯದು ಆಗಿರಬಹುದು. ತಿಪಟೂರಿನವರೆಗೆ ಹೋಗಲಾರದ ದಿನ ಅದೇ ಕ್ಯಾನಿನಿಂದ ಸ್ವಚ್ಛ ವಾಹಿನಿಗೂ ಎರಡು ಲೀಟರ್ ಸುರಿದರೆ, ಅಂದೇ ಫಿಲ್ಟರಿನ ಆಯುಷ್ಯ ಅರ್ಧಕ್ಕಿಳಿಯುತ್ತದೆ. ಪಂಚಾಯಿತಿಯ ವಾಹನಕ್ಕೆ ಬಂಕಿನಿಂದ ನೇರವಾಗಿ ಮಾತ್ರ ಇಂಧನ ತುಂಬತಕ್ಕದ್ದು ಎಂಬ ನಿಯಮವನ್ನು ಸಭೆಯೇ ಮಾಡಿಕೊಳ್ಳುವುದು ಲೇಸು. ರಸೀದಿಯ ಲೆಕ್ಕಕ್ಕೂ ಅದು ಒಳ್ಳೆಯದು.

ನೀರಿನ ಅಪಾಯವನ್ನು ನಮಗಿಂತ ಚೆನ್ನಾಗಿ ಬಲ್ಲವರು ಕರಾವಳಿಯ ಮೀನುಗಾರರು. ಮಲ್ಪೆ, ಗಂಗೊಳ್ಳಿಗಳ ನಾಡದೋಣಿಗಳ ಹಿಂಬದಿಗೆ ಕಟ್ಟುವ ಹೊರ ಎಂಜಿನ್‌ಗೆ ಸುತ್ತಲೂ ಉಪ್ಪುನೀರು, ಕಾಲಡಿಯಲ್ಲಿ ಇಂಧನದ ಕ್ಯಾನು. ನಡು ಸಮುದ್ರದಲ್ಲಿ ಎಂಜಿನ್ ನಿಂತರೆ ತಳ್ಳಿಕೊಂಡು ಹೋಗಲು ರಸ್ತೆ ಇಲ್ಲ. ಇಂತಹ ದೋಣಿ ಎಂಜಿನ್‌ಗಳಿಗೆ ಟ್ಯಾಂಕು ಮತ್ತು ಎಂಜಿನ್ನಿನ ನಡುವೆ ನೀರು ಬೇರ್ಪಡಿಸುವ ಫಿಲ್ಟರೊಂದನ್ನು ಜೋಡಿಸಿ, ಅದರ ತಳದಲ್ಲಿ ನಿಂತ ನೀರನ್ನು ಆಗಾಗ ಬಸಿಯುವ ಕ್ರಮವಿದೆ. ಸ್ವಚ್ಛ ವಾಹಿನಿಯ ಫಿಲ್ಟರಿನ ತಳದಲ್ಲಿಯೂ ಸಾಮಾನ್ಯವಾಗಿ ಅಂತಹದೇ ಒಂದು ತಿರುಪು ಇರುತ್ತದೆ. ವ್ಯತ್ಯಾಸವೆಂದರೆ, ನಮ್ಮಲ್ಲಿ ಅದನ್ನು ತಿರುಗಿಸಿ ನೋಡಿದವರು ಕಡಿಮೆ.

ವಾರಕ್ಕೊಮ್ಮೆ, ವಾಹನ ರಾತ್ರಿಯಿಡೀ ನಿಂತಿದ್ದು ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಮೊದಲು, ಆ ತಿರುಪನ್ನು ಸಡಿಲಿಸಿ ಗಾಜಿನ ಲೋಟಕ್ಕೆ ಸ್ವಲ್ಪ ಬಸಿಯಬೇಕು. ಲೋಟದಲ್ಲಿ ಎರಡು ಪದರ ಕಂಡರೆ ಕೆಳಗಿನದು ನೀರು. ಶುದ್ಧ ಡೀಸೆಲ್ ಬರುವವರೆಗೆ ಬಸಿದು ತಿರುಪನ್ನು ಬಿಗಿ ಮಾಡತಕ್ಕದ್ದು. ಪ್ರತಿವಾರವೂ ನೀರು ಬರುತ್ತಿದ್ದರೆ ದೋಷ ಫಿಲ್ಟರಿನದಲ್ಲ. ಟ್ಯಾಂಕಿನ ಮುಚ್ಚಳ, ಕ್ಯಾನು, ಬಂಕು ಇವುಗಳನ್ನು ವಿಚಾರಿಸಬೇಕು. ಹಲವು ಹೊಸ ವಾಹನಗಳಲ್ಲಿ ಇಂಧನದಲ್ಲಿ ನೀರಿದೆ ಎಂದು ತಿಳಿಸುವ ದೀಪವೂ ಇರುತ್ತದೆ. ಅದು ಹೊತ್ತಿಕೊಂಡ ಮೇಲೆ ‘ಈ ಬೀದಿ ಮುಗಿಸಿಬಿಡೋಣ’ ಎಂದು ಓಡಿಸಬಾರದು.

ದೂರು ಬಂದಾಗ

ವಾಹನ ಏರು ಹತ್ತುವುದಿಲ್ಲ, ತುಂಬಿದ ಹೊರೆಗೆ ಉಸಿರುಗಟ್ಟುತ್ತದೆ, ನಿಂತುಹೋಗಿ ಹತ್ತು ನಿಮಿಷದ ಮೇಲೆ ಮತ್ತೆ ಚಾಲೂ ಆಗುತ್ತದೆ ಎಂದರೆ ಡೀಸೆಲ್ ಫಿಲ್ಟರ್ ಕಟ್ಟಿಕೊಂಡಿರುವ ಸಂಭವ ಹೆಚ್ಚು. ಶಕ್ತಿ ಕುಂದುವುದರ ಜೊತೆಗೆ ದಟ್ಟ ಕಪ್ಪು ಹೊಗೆಯೂ ಬರುತ್ತಿದ್ದರೆ ಮೊದಲು ನೋಡಬೇಕಾದದ್ದು ಗಾಳಿ ಫಿಲ್ಟರನ್ನು. ಈ ಭೇದ ನಮ್ಮ ಸೀಮೆಯಲ್ಲಿ ಮುಖ್ಯ. ನಾರಿನ ಘಟಕಗಳ ಪಕ್ಕದ ರಸ್ತೆಯಲ್ಲಿ, ಮಟ್ಟೆಯ ಪುಡಿ ಹಾರುವ ಕಡೆಗಳಲ್ಲಿ, ತೋಟದ ಮನೆಗಳಿಗೆ ಹೋಗುವ ಮಣ್ಣಿನ ಜಾಡಿನಲ್ಲಿ ಓಡುವ ವಾಹನದ ಗಾಳಿ ಫಿಲ್ಟರ್ ಬೇಗ ತುಂಬುತ್ತದೆ. ಅದನ್ನು ನೋಡದೆ ಡೀಸೆಲ್ ಫಿಲ್ಟರನ್ನೇ ಮತ್ತೆ ಮತ್ತೆ ಬದಲಿಸುವುದರಿಂದ ಹಣ ಹೋಗುತ್ತದೆ, ದೋಷ ಉಳಿಯುತ್ತದೆ. ಎರಡೂ ಲಕ್ಷಣಗಳು ಬೇರೆ ಕಾರಣಗಳಿಂದಲೂ ಬರಬಹುದು. ಅಂತಿಮ ನಿರ್ಣಯ ಮೆಕ್ಯಾನಿಕ್‌ನದು. ಆದರೆ ಹೊಗೆಯ ಬಣ್ಣ ಯಾವುದಿತ್ತು, ಏರಿನಲ್ಲಿಯೋ ಸಮತಟ್ಟಿನಲ್ಲಿಯೋ ಎಂದು ಸದಸ್ಯರೊಬ್ಬರು ಕೇಳಿದರೆ, ‘ಚಾಲಕಿಗೆ ಓಡಿಸಲು ಬರುವುದಿಲ್ಲ’ ಎಂಬ ಸಿದ್ಧ ಉತ್ತರಕ್ಕೆ ಅಲ್ಲಿಯೇ ತಡೆ ಬೀಳುತ್ತದೆ.

ಯಾವ ಫಿಲ್ಟರ್?

ಮಳಿಗೆಯ ಕಪಾಟಿನಲ್ಲಿ ಒಂದೇ ಗಾತ್ರದ, ಒಂದೇ ಮರೆಯ ನಾಲ್ಕು ಫಿಲ್ಟರುಗಳು ಸಿಗುತ್ತವೆ. ನಾಲ್ಕೂ ವಾಹನಕ್ಕೆ ಕೂರುತ್ತವೆ. ಕೂರುವುದೇ ಹೊಂದಾಣಿಕೆಯ ಪುರಾವೆಯಲ್ಲ. ಒಳಗಿನ ಮಾಧ್ಯಮ ಎಷ್ಟು ಸಣ್ಣ ಕಣವನ್ನು ತಡೆಯುತ್ತದೆ, ನೀರನ್ನು ಬೇರ್ಪಡಿಸುತ್ತದೆಯೇ, ಎಷ್ಟು ಕೊಳೆ ಹಿಡಿದ ಮೇಲೆ ಕಟ್ಟಿಕೊಳ್ಳುತ್ತದೆ ಎಂಬುದು ಹೊರಗಿನ ಡಬ್ಬಿಯಿಂದ ತಿಳಿಯದು. ‘10 ಮೈಕ್ರಾನ್’ ಎಂದು ಮುದ್ರಿಸಿದ್ದರೂ ಆ ಗಾತ್ರದ ಕಣಗಳಲ್ಲಿ ಅರ್ಧವನ್ನು ತಡೆಯುವ ಫಿಲ್ಟರ್ ಉಂಟು, ನೂರಕ್ಕೆ ತೊಂಬತ್ತೆಂಟನ್ನು ತಡೆಯುವುದೂ ಉಂಟು. ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ: ಮೈಕ್ರಾನ್ ಕಡಿಮೆಯಾದಷ್ಟೂ ಒಳ್ಳೆಯದೆಂದು ಎಂಜಿನ್ ಕೇಳದಷ್ಟು ಸೂಕ್ಷ್ಮದ್ದನ್ನು ಹಾಕಿದರೆ ಅದು ಬೇಗ ಕಟ್ಟಿಕೊಂಡು ಎಂಜಿನ್ ಇಂಧನವಿಲ್ಲದೆ ಬಳಲುತ್ತದೆ.

ಆದ್ದರಿಂದ ಆಯ್ಕೆಯ ಆಧಾರ ಒಂದೇ: ವಾಹನದ ಕೈಪಿಡಿಯಲ್ಲಿ ಅಥವಾ ತಯಾರಕರ ಬಿಡಿಭಾಗಗಳ ಪಟ್ಟಿಯಲ್ಲಿ ಕೊಟ್ಟಿರುವ ಭಾಗ ಸಂಖ್ಯೆ. ಬೇರೆ ಕಂಪನಿಯ ಫಿಲ್ಟರ್ ಕೊಳ್ಳುವುದಾದರೆ, ಅದು ಆ ಭಾಗ ಸಂಖ್ಯೆಗೆ ಸಮಾನವೆಂದು ಆ ಕಂಪನಿಯ ಪಟ್ಟಿಯಲ್ಲಿಯೇ ಮುದ್ರಿತವಾಗಿರಬೇಕು; ಅಂಗಡಿಯವರ ಬಾಯಿಮಾತು ಸಾಲದು. ವಾರಂಟಿ ಅವಧಿಯಲ್ಲಿರುವ ವಾಹನಕ್ಕೆ ಅಧಿಕೃತ ಮಾರಾಟಗಾರರಿಂದ ಬಿಲ್ಲು ಸಹಿತ ಕೊಳ್ಳುವುದೇ ಕ್ಷೇಮ. ಪಂಪು ಕೆಟ್ಟಾಗ ಮೊದಲು ಕೇಳುವುದು ಫಿಲ್ಟರಿನ ಬಿಲ್ಲನ್ನೇ.

ಇಲ್ಲಿ ದರಪಟ್ಟಿಯ ಪ್ರಶ್ನೆ ಬರುತ್ತದೆ. ಸಾರ್ವಜನಿಕ ಖರೀದಿಯಲ್ಲಿ ಪಾರದರ್ಶಕತೆಗಾಗಿ 1999ರ ಕಾಯಿದೆ ಇದೆ, ಲೆಕ್ಕಪರಿಶೋಧನೆ ಇದೆ. ಕಡಿಮೆ ದರವನ್ನು ಬಿಟ್ಟು ಹೆಚ್ಚಿನದಕ್ಕೆ ಹೋಗಲು ಅಧಿಕಾರಿಗಳೂ ಸದಸ್ಯರೂ ಅಂಜುವುದು ಸಹಜ. ಆದರೆ ‘ಫಿಲ್ಟರ್ – 1’ ಎಂದು ಮಾತ್ರ ಬರೆದು ಮೂರು ದರ ತರಿಸಿದರೆ ಹೋಲಿಕೆಯಾಗುವುದು ಮೂರು ಬೇರೆ ಬೇರೆ ವಸ್ತುಗಳು. ಭಾಗ ಸಂಖ್ಯೆ, ವಾಹನದ ಮಾದರಿ, ‘ನೀರು ಬೇರ್ಪಡಿಸುವ ವ್ಯವಸ್ಥೆಯುಳ್ಳ’ ಎಂಬ ವಿವರಣೆ, ಇಷ್ಟನ್ನು ಬರೆದು ದರ ಕರೆದರೆ, ಅದರಲ್ಲಿ ಕನಿಷ್ಠ ದರ ನಿಜವಾಗಿಯೂ ಕನಿಷ್ಠ ದರವಾಗುತ್ತದೆ. ಅಗ್ಗದ್ದನ್ನು ಬಿಟ್ಟದ್ದೇಕೆಂದು ಲೆಕ್ಕಪರಿಶೋಧಕರು ಕೇಳಿದರೆ ಉತ್ತರವು ನಡಾವಳಿ ಪುಸ್ತಕದಲ್ಲಿಯೇ ಇರುತ್ತದೆ.

ಕಿಲೋಮೀಟರಿನ ಲೆಕ್ಕ ಸಾಲದು

ಕೈಪಿಡಿಯಲ್ಲಿ ಫಿಲ್ಟರ್ ಬದಲಾವಣೆಯ ಅವಧಿಯನ್ನು ಸಾಮಾನ್ಯವಾಗಿ ಕಿಲೋಮೀಟರಿನಲ್ಲಿ ಅಥವಾ ತಿಂಗಳಿನಲ್ಲಿ, ಯಾವುದು ಮೊದಲೋ ಅದರಂತೆ, ಕೊಟ್ಟಿರುತ್ತಾರೆ. ಕಸ ಸಂಗ್ರಹಿಸುವ ವಾಹನದ ವಿಷಯದಲ್ಲಿ ಈ ಲೆಕ್ಕ ದಾರಿ ತಪ್ಪಿಸುತ್ತದೆ. ಹೇಗೆಂಬುದನ್ನು ಒಂದು ಊಹೆಯ ಲೆಕ್ಕದಿಂದ ನೋಡಬಹುದು.

ಅವಧಿ 10,000 ಕಿಲೋಮೀಟರ್ ಎಂದಿಟ್ಟುಕೊಳ್ಳೋಣ. ಹೆದ್ದಾರಿಯಲ್ಲಿ ಗಂಟೆಗೆ 40 ಕಿಲೋಮೀಟರಿನಂತೆ ಓಡುವ ಸರಕು ವಾಹನ ಅಷ್ಟು ದೂರವನ್ನು 250 ಗಂಟೆಗಳಲ್ಲಿ ಮುಗಿಸುತ್ತದೆ. ಸ್ವಚ್ಛ ವಾಹಿನಿ ಬೆಳಗಿನ 5 ಗಂಟೆಗಳಲ್ಲಿ ಓಡುವುದು 30 ಕಿಲೋಮೀಟರ್ ಎಂದಾದರೆ, ಗಂಟೆಗೆ 6 ಕಿಲೋಮೀಟರ್ ಆಯಿತು. ಮನೆಮನೆಯ ಮುಂದೆ ನಿಲ್ಲುವಾಗಲೂ ಎಂಜಿನ್ ಆಡುತ್ತಲೇ ಇರುತ್ತದೆ. ಅದೇ 10,000 ಕಿಲೋಮೀಟರಿಗೆ ಇದರ ಎಂಜಿನ್ 1,600 ಗಂಟೆಗಳಿಗೂ ಹೆಚ್ಚು ಕಾಲ ಆಡಿರುತ್ತದೆ. ತಿಂಗಳಿಗೆ 26 ದಿನದಂತೆ ಓಡಿದರೆ ಆ ದೂರ ತಲುಪಲು 13 ತಿಂಗಳು ಬೇಕು. ‘ಒಂದು ವರ್ಷ’ ಎಂಬ ಮಿತಿಯನ್ನು ಪಾಲಿಸಿದರೂ ಗಂಟೆಗಳ ಲೆಕ್ಕ 1,560ಕ್ಕೆ ಬಂದು ನಿಲ್ಲುತ್ತದೆ.

ಎಂಜಿನ್ ನಿಂತಲ್ಲೇ ಆಡುವಾಗ ಡೀಸೆಲ್ ಉರಿಯುವುದು ಕಡಿಮೆಯಲ್ಲವೇ ಎಂದು ಕೇಳಬಹುದು. ಹೌದು, ಕಡಿಮೆಯೇ. ಆದರೆ ಇಂದಿನ ಎಂಜಿನ್‌ಗಳಲ್ಲಿ ಪಂಪು ಬೇಕಾದುದಕ್ಕಿಂತ ಹೆಚ್ಚು ಡೀಸೆಲನ್ನು ಎಳೆದು, ಉರಿಯದೆ ಉಳಿದುದನ್ನು ಮತ್ತೆ ಟ್ಯಾಂಕಿಗೆ ಕಳಿಸುತ್ತದೆ. ಫಿಲ್ಟರಿನ ಮೂಲಕ ಹಾಯುವುದು ಉರಿದಷ್ಟು ಮಾತ್ರವಲ್ಲ, ಹಿಂದಿರುಗಿದಷ್ಟೂ ಸಹ. ಹೀಗೆ ತಿರುಗಿ ತಿರುಗಿ ಹಾಯುವ ಡೀಸೆಲ್ ಟ್ಯಾಂಕಿನ ತಳದ ಕೊಳೆಯನ್ನೂ ನೀರನ್ನೂ ಮತ್ತೆ ಮತ್ತೆ ಫಿಲ್ಟರಿಗೆ ತಂದೊಡ್ಡುತ್ತದೆ. ಗಂಟೆಗಳನ್ನು ಲೆಕ್ಕ ಹಿಡಿಯಬೇಕಾದದ್ದು ಇದಕ್ಕಾಗಿ.

ಕೈಪಿಡಿಯಲ್ಲಿ ‘ಕಠಿಣ ಬಳಕೆ’ಗೆ ಪ್ರತ್ಯೇಕ ಅವಧಿ ಇದ್ದರೆ ಸ್ವಚ್ಛ ವಾಹಿನಿಗೆ ಅದನ್ನೇ ಅನ್ವಯಿಸಬೇಕು. ಇಲ್ಲದಿದ್ದಲ್ಲಿ ವಾಹನದ ಬಳಕೆಯ ಸ್ವರೂಪವನ್ನು ತಿಳಿಸಿ, ಎಷ್ಟು ಗಂಟೆಗೊಮ್ಮೆ ಬದಲಿಸಬೇಕೆಂದು ಅಧಿಕೃತ ಸರ್ವಿಸ್ ಕೇಂದ್ರದಿಂದ ಲಿಖಿತ ಸಲಹೆ ಪಡೆಯತಕ್ಕದ್ದು. ವಾಹನದಲ್ಲಿ ಗಂಟೆಯ ಮೀಟರ್ ಇರುವುದಿಲ್ಲವಾದರೂ ಲಾಗ್ ಪುಸ್ತಕದಲ್ಲಿ ಹೊರಟ ಸಮಯ ಮತ್ತು ಬಂದು ನಿಂತ ಸಮಯದ ಎರಡು ಅಂಕಣಗಳಿದ್ದರೆ ಸಾಕು, ಲೆಕ್ಕ ತಾನಾಗಿ ಸಿಗುತ್ತದೆ.

ಬದಲಿಸುವ ಕ್ರಮ

ಈ ಕೆಲಸ ಮೆಕ್ಯಾನಿಕ್‌ನದು. ಸದಸ್ಯರಾಗಲಿ ಚಾಲಕಿಯಾಗಲಿ ಪಾನಾ ಹಿಡಿಯಬೇಕೆಂದಿಲ್ಲ. ಪಕ್ಕದಲ್ಲಿ ನಿಂತು ನೋಡುವವರಿಗೆ ಏನು ನೋಡಬೇಕೆಂಬುದು ತಿಳಿದಿದ್ದರೆ ಸಾಕು.

ಎಂಜಿನ್ ತಣ್ಣಗಿರಬೇಕು, ಹತ್ತಿರ ಬೀಡಿ, ಬೆಂಕಿ ಕೂಡದು. ಹಳೆಯ ಫಿಲ್ಟರ್ ಬಿಚ್ಚುವ ಮೊದಲು ಅದರ ಸುತ್ತಲಿನ ಧೂಳನ್ನು ಒರೆಸಬೇಕು, ಇಲ್ಲವಾದರೆ ಹೊರಗಿನ ಮಣ್ಣು ನೇರವಾಗಿ ಒಳಗೆ ಬೀಳುತ್ತದೆ. ಹಳೆಯದರ ರಬ್ಬರ್ ವಾಷರ್ ಮೇಲಿನ ತಲೆಗೆ ಅಂಟಿಕೊಂಡು ಉಳಿದಿದೆಯೇ ಎಂದು ನೋಡಬೇಕು. ಹಳೆಯ ವಾಷರಿನ ಮೇಲೆ ಹೊಸದು ಕೂತರೆ ಸೋರಿಕೆ ಖಚಿತ. ಹೊಸ ವಾಷರಿಗೆ ಶುದ್ಧ ಡೀಸೆಲ್ ಸವರಿ, ಮರೆಯ ಫಿಲ್ಟರಾದರೆ ಕೈಯಿಂದಲೇ ತಿರುಗಿಸಿ, ವಾಷರ್ ತಾಗಿದ ಮೇಲೆ ಫಿಲ್ಟರಿನ ಮೈಮೇಲೆ ಮುದ್ರಿಸಿರುವಷ್ಟು ಮಾತ್ರ ಬಿಗಿಯಬೇಕು. ಪಾನಾ ಹಾಕಿ ಬಲವಾಗಿ ಬಿಗಿದರೆ ವಾಷರ್ ನುಜ್ಜಾಗುತ್ತದೆ, ಮುಂದಿನ ಸಲ ಬಿಚ್ಚುವುದೂ ಕಷ್ಟ.

ಹೊಸ ಫಿಲ್ಟರಿಗೆ ಮೊದಲೇ ಡೀಸೆಲ್ ತುಂಬಿಸಿ ಹಾಕುವುದು ಹಲವು ಗ್ಯಾರೇಜುಗಳ ಅಭ್ಯಾಸ. ಬೇಗ ಚಾಲೂ ಆಗಲೆಂಬುದು ಉದ್ದೇಶ. ಆದರೆ ನಡುವಿನ ರಂಧ್ರದಿಂದ ಸುರಿದ ಡೀಸೆಲ್ ಸೋಸದೆಯೇ ಶುದ್ಧ ಬದಿಗೆ ಸೇರುತ್ತದೆ. ಕಾಮನ್ ರೈಲ್ ಎಂಜಿನ್‌ಗೆ ಅಷ್ಟೇ ಸಾಕು ಹಾನಿಗೆ. ಖಾಲಿ ಫಿಲ್ಟರನ್ನೇ ಜೋಡಿಸಿ, ಕೈ ಪಂಪಿನಿಂದ ಅಥವಾ ಕೈಪಿಡಿಯಲ್ಲಿ ಹೇಳಿರುವ ಕ್ರಮದಿಂದ ಡೀಸೆಲ್ ತುಂಬಿಸಿ ಏರ್ ತೆಗೆಯುವುದು ಸರಿಯಾದ ದಾರಿ. ಹಳೆಯ ಟ್ರಾಕ್ಟರುಗಳಲ್ಲಿ ಮಾಡುವಂತೆ ಇಂಜೆಕ್ಟರಿಗೆ ಹೋಗುವ ಪೈಪಿನ ನಟ್ಟು ಸಡಿಲಿಸಿ ಏರ್ ತೆಗೆಯುವುದನ್ನು ಕಾಮನ್ ರೈಲ್ ವಾಹನದಲ್ಲಿ ಖಂಡಿತ ಮಾಡಕೂಡದು. ಅಷ್ಟು ಒತ್ತಡದ ಡೀಸೆಲ್ ಚಿಮ್ಮಿದರೆ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಅದು ಶಸ್ತ್ರಚಿಕಿತ್ಸೆ ಬೇಡುವ ಗಾಯ.

ಕಾಗದದ ಫಿಲ್ಟರನ್ನು ಕಂಪ್ರೆಸರ್ ಗಾಳಿಯಿಂದ ಊದಿ ಅಥವಾ ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವ ಉಳಿತಾಯವನ್ನು ಯಾವ ಕಾರಣಕ್ಕೂ ಒಪ್ಪಬಾರದು. ಗಾಳಿಯ ರಭಸಕ್ಕೆ ಕಾಗದ ಹರಿಯುತ್ತದೆ. ಹರಿದ ಫಿಲ್ಟರಿನಲ್ಲಿ ಡೀಸೆಲ್ ಸರಾಗವಾಗಿ ಹರಿಯುವುದರಿಂದ ಎಂಜಿನ್ ಅಂದು ಚೆನ್ನಾಗಿಯೇ ಓಡುತ್ತದೆ, ಮೆಚ್ಚುಗೆಯೂ ಸಿಗುತ್ತದೆ.

ಸಭೆಯಲ್ಲಿ ದಾಖಲಾಗಬೇಕಾದದ್ದು

ವಾಹನದ ನಿರ್ವಹಣೆಯನ್ನು ಸಂಜೀವಿನಿ ಒಕ್ಕೂಟಕ್ಕೆ ವಹಿಸಿರುವ ಕಡೆ ಫಿಲ್ಟರ್ ಯಾರು ಕೊಳ್ಳಬೇಕು, ಸರ್ವಿಸ್ ಯಾರ ಖರ್ಚು ಎಂಬುದು ಒಡಂಬಡಿಕೆಯಲ್ಲಿ ಸ್ಪಷ್ಟವಿರಬೇಕು. ‘ಸಣ್ಣ ದುರಸ್ತಿ ಒಕ್ಕೂಟದ್ದು, ದೊಡ್ಡ ದುರಸ್ತಿ ಪಂಚಾಯಿತಿಯದು’ ಎಂದು ಬರೆದುಬಿಟ್ಟರೆ, ಸಣ್ಣದನ್ನು ಮಾಡಲು ಹಣವಿಲ್ಲದ ಒಕ್ಕೂಟ ಸುಮ್ಮನಿರುತ್ತದೆ, ಅದು ದೊಡ್ಡದಾಗಿ ಪಂಚಾಯಿತಿಯ ಬಾಗಿಲಿಗೆ ಬರುತ್ತದೆ. ಫಿಲ್ಟರ್, ಎಂಜಿನ್ ಆಯಿಲ್ ಮತ್ತು ನಿಗದಿತ ಸರ್ವಿಸಿನ ಖರ್ಚನ್ನು ದುರಸ್ತಿಯಿಂದ ಬೇರ್ಪಡಿಸಿ, ವರ್ಷದ ಆರಂಭದಲ್ಲಿಯೇ ಕ್ರಿಯಾ ಯೋಜನೆಯಲ್ಲಿ ತೋರಿಸಿ ಮಂಜೂರು ಮಾಡುವುದು ಉತ್ತಮ. ಸಂಗ್ರಹವಾದ ಬಳಕೆದಾರರ ಶುಲ್ಕದಲ್ಲಿ ಒಂದು ಪಾಲನ್ನು ಇದಕ್ಕೆಂದೇ ಮೀಸಲಿಡಬಹುದು.

ಪ್ರತಿ ಬದಲಾವಣೆಗೂ ಲಾಗ್ ಪುಸ್ತಕದಲ್ಲಿ ದಿನಾಂಕ, ಕಿಲೋಮೀಟರ್, ಅಂದಿನವರೆಗಿನ ಗಂಟೆ, ಭಾಗ ಸಂಖ್ಯೆ ಮತ್ತು ಬಿಲ್ಲಿನ ಸಂಖ್ಯೆ ದಾಖಲಾಗಲಿ. ಅದೇ ದಿನಾಂಕವನ್ನು ಫಿಲ್ಟರಿನ ಮೈಮೇಲೂ ಮಾರ್ಕರಿನಿಂದ ಬರೆಯಲಿ. ದಾಸ್ತಾನಿನಲ್ಲಿ ಒಂದು ಹೆಚ್ಚುವರಿ ಫಿಲ್ಟರ್, ಪೊಟ್ಟಣ ಒಡೆಯದೆ, ಇದ್ದರೆ ಸಾಕು. ರಿಯಾಯಿತಿಗೆ ಆಸೆಪಟ್ಟು ಹತ್ತು ಕೊಂಡಿಟ್ಟರೆ ವಾಹನ ಬದಲಾದ ದಿನ ಅವು ಯಾವುದಕ್ಕೂ ಬಾರವು. ವಾರದ ನೀರು ಬಸಿದ ದಿನಾಂಕವನ್ನು ಚಾಲಕಿ ಲಾಗ್ ಪುಸ್ತಕದಲ್ಲಿ ಬರೆದು ಸಹಿ ಮಾಡಿದ್ದರೆ, ಪಂಪು ಕೆಟ್ಟ ದಿನ ಆಕೆಯ ಪರವಾಗಿ ಮಾತನಾಡುವ ಸಾಕ್ಷಿ ಅದೇ. ಆ ಪುಟ ಖಾಲಿ ಇದ್ದರೆ, ಬಸಿಯುವುದನ್ನು ಆಕೆಗೆ ಯಾರಾದರೂ ಕಲಿಸಿದ್ದರೇ ಎಂಬುದನ್ನು ಮೊದಲು ವಿಚಾರಿಸತಕ್ಕದ್ದು.

ಕಳಚಿದ ಹಳೆಯ ಫಿಲ್ಟರನ್ನು ಗ್ಯಾರೇಜಿನಲ್ಲಿ ಬಿಟ್ಟು ಬರದೆ ಒಮ್ಮೆ ನೋಡಬೇಕು. ಅದರಲ್ಲಿ ಉಳಿದ ಡೀಸೆಲನ್ನು ಬಿಳಿ ತಟ್ಟೆಗೆ ಬಸಿದರೆ ಕೆಂಪು ತುಕ್ಕು ಕಂಡರೆ ಟ್ಯಾಂಕಿನೊಳಗೆ ನೀರು ಬಹುಕಾಲ ನಿಂತಿದೆ ಎಂದೂ, ಕಪ್ಪು ಲೋಳೆ ಕಂಡರೆ ಟ್ಯಾಂಕನ್ನು ಬಿಚ್ಚಿ ತೊಳೆಯಬೇಕೆಂದೂ, ಲೋಹದ ಮಿನುಗು ಕಂಡರೆ ತಡಮಾಡದೆ ಪಂಪನ್ನು ಪರೀಕ್ಷೆಗೆ ಒಯ್ಯಬೇಕೆಂದೂ ತಿಳಿಯಬೇಕು. ನೋಡಿಯಾದ ಮೇಲೆ ಅದನ್ನು ಪಂಚಾಯಿತಿಯ ಒಣಕಸದ ಘಟಕಕ್ಕೆ ಹಾಕುವಂತಿಲ್ಲ. ತೈಲ ಹತ್ತಿದ ಫಿಲ್ಟರುಗಳು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಬರುತ್ತವೆ. ಡೀಸೆಲನ್ನು ಪೂರ್ತಿ ಬಸಿದು, ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿಟ್ಟು, ಮುಂದಿನ ಸರ್ವಿಸಿನ ಸಮಯದಲ್ಲಿ ಅಧಿಕೃತ ಸರ್ವಿಸ್ ಕೇಂದ್ರಕ್ಕೆ ಒಪ್ಪಿಸಿ, ಒಪ್ಪಿಸಿದ್ದಕ್ಕೆ ಲಾಗ್ ಪುಸ್ತಕದಲ್ಲಿ ಸಹಿ ಪಡೆಯತಕ್ಕದ್ದು.